ಡಾಕ್ಟರರ ಮಾತು: ಎಲ್ಲಿ ಒಪ್ಪಬೇಕು, ಎಲ್ಲಿ ಬಾಯಿಬಿಟ್ಟು ಕೇಳಬೇಕು

"ಸಿಸ್ಟರ್, ಆ ಡಾಕ್ಟರರನ್ನು ನಂಬಬಹುದೇ?"

ಬಾಗಲಕೋಟೆಯ ನವನಗರದಲ್ಲಿ, ನಮ್ಮ ಸೆಕ್ಟರಿನ ಯಾರ ಮನೆಯಲ್ಲಿ ಯಾರು ಮಲಗಿದರೂ ಈ ಪ್ರಶ್ನೆ ನನ್ನ ಬಾಗಿಲಿಗೆ ಬರುತ್ತದೆ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದೇನೆ. ಜನ ಇನ್ನೂ ಸಿಸ್ಟರ್ ಎಂದೇ ಕರೆಯುತ್ತಾರೆ. ವೈದ್ಯರ ಹೆಸರು ಹೇಳಿ, ಒಳ್ಳೆಯವರೋ ಅಲ್ಲವೋ ಎಂದು ಒಂದೇ ಮಾತಿನ ಉತ್ತರ ಬಯಸುತ್ತಾರೆ. ಆ ಉತ್ತರವನ್ನು ನಾನು ಕೊಡುವುದಿಲ್ಲ. ಅದರ ಬದಲು ಎರಡು ಸಂಗತಿ ಕೇಳುತ್ತೇನೆ. ಅವರು ಹೇಳಿದ ಚಿಕಿತ್ಸೆಯನ್ನು ಎಷ್ಟು ಹೊತ್ತು ತಡೆಯಬಹುದು? ಮಾಡಿಸಿಕೊಂಡ ಮೇಲೆ ಬೇಡವಾಗಿತ್ತು ಎನಿಸಿದರೆ ಮೊದಲಿನಂತಾಗಲು ಸಾಧ್ಯವೇ?

ತಡೆಯಲು ಹೊತ್ತಿಲ್ಲದಿದ್ದರೆ ಎದುರಿಗಿರುವ ವೈದ್ಯರನ್ನು ಪೂರ್ತಿಯಾಗಿ ನಂಬಿ. ಹೊತ್ತಿದ್ದು, ಮಾಡುವ ಕೆಲಸ ಮತ್ತೆ ಸರಿಪಡಿಸಲಾಗದ್ದಾಗಿದ್ದರೆ, ಎಷ್ಟೇ ದೊಡ್ಡ ವೈದ್ಯರಾದರೂ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ. ನಮ್ಮ ಜನ ಇದನ್ನು ತಿರುವುಮುರುವಾಗಿ ಮಾಡುವುದನ್ನು ನಾನು ವಾರ್ಡಿನಲ್ಲಿ ನಿಂತು ನೋಡಿದ್ದೇನೆ. ಎದೆನೋವು ಬಂದಾಗ ಮೂರು ಊರು ಸುತ್ತುತ್ತಾರೆ. ಗರ್ಭಚೀಲ ತೆಗೆಯುವ ಕಾಗದಕ್ಕೆ ಒಂದೇ ಮಾತಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತಡೆಯಲಾಗದ ಹೊತ್ತು

ಹಾವು ಕಚ್ಚಿದಾಗ, ಎದೆ ಹಿಡಿದು ಬೆವರು ಇಳಿದಾಗ, ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದಾಗ, ಹೆರಿಗೆಯ ನಂತರ ರಕ್ತ ನಿಲ್ಲದಿದ್ದಾಗ ಹತ್ತಿರದ ತಾಲ್ಲೂಕು ಆಸ್ಪತ್ರೆಯ ವೈದ್ಯರೇ ನಿಮ್ಮ ವೈದ್ಯರು. ಅವರು ಈಚೆಗಷ್ಟೇ ಎಂಬಿಬಿಎಸ್ ಮುಗಿಸಿ ಬಂದ ಹುಡುಗಿಯೇ ಆಗಿರಬಹುದು. ಆ ಹೊತ್ತಿಗೆ ಬೇಕಾದ ಚಿಕಿತ್ಸೆಯ ದಾರಿ ಆಕೆಗೆ ಗೊತ್ತಿರುತ್ತದೆ, ಔಷಧಿ ಆಸ್ಪತ್ರೆಯಲ್ಲಿರುತ್ತದೆ. ನಿಮ್ಮ ಕೈಯಲ್ಲಿ ಇಲ್ಲದಿರುವುದು ಸಮಯ ಮಾತ್ರ.

ಹಾವಿನ ಕಡಿತವನ್ನೇ ನೋಡಿ. ನಮ್ಮ ಕಬ್ಬಿನ ಗದ್ದೆ, ತೊಗರಿ ಹೊಲಗಳಲ್ಲಿ ದುಡಿಯುವವರಿಗೆ ಇದು ಹೊಸದಲ್ಲ. ಕಚ್ಚಿಸಿಕೊಂಡವರನ್ನು ಕರೆತಂದ ಬಂಧುಗಳು ಗಾಬರಿಯಲ್ಲಿರುತ್ತಾರೆ. ನಾವು ಸ್ವಲ್ಪ ರಕ್ತ ತೆಗೆದು, ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಡುತ್ತೇವೆ. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಎಂದು ಗೊತ್ತಾಗುತ್ತದೆ. ಹೊರಗೆ ನಿಂತವರಿಗೆ ಇದು ಸುಮ್ಮನೆ ಕೂತಂತೆ ಕಾಣುತ್ತದೆ. "ಏನೂ ಮಾಡುತ್ತಿಲ್ಲ, ನಡೆಯಿರಿ ಬೇರೆ ಕಡೆ" ಎಂದು ಎಬ್ಬಿಸಿಕೊಂಡು ಹೊರಟವರಿದ್ದಾರೆ. ಇನ್ನು ವಿಷಹಾರಿ ಚುಚ್ಚುಮದ್ದನ್ನು ಸಾಮಾನ್ಯವಾಗಿ 10 ಬಾಟಲಿಯಿಂದ ಆರಂಭಿಸುತ್ತಾರೆ. ಮಗುವಿಗೂ ದೊಡ್ಡವರಷ್ಟೇ ಕೊಡುತ್ತಾರೆ, ಏಕೆಂದರೆ ಹಾವು ಚಿಕ್ಕವರಿಗೆಂದು ಕಡಿಮೆ ವಿಷ ಬಿಡುವುದಿಲ್ಲ. "ಇಷ್ಟು ಸಣ್ಣ ಕೂಸಿಗೆ ಅಷ್ಟೊಂದು ಔಷಧವೇ?" ಎಂದು ವೈದ್ಯರ ಕೈ ಹಿಡಿದ ತಂದೆಯನ್ನು ನಾನು ಬದಿಗೆ ಕರೆದುಕೊಂಡು ಹೋಗಿ ಇದನ್ನೇ ಹೇಳಬೇಕಾಯಿತು. ಈ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಹಾಗಾಗಿ ಹಾವನ್ನು ಹುಡುಕಿ, ಕೊಂದು, ಚೀಲದಲ್ಲಿ ತರುವ ಕೆಲಸವೂ ಬೇಡ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಗೀರುವುದು, ಮಂತ್ರ ಹಾಕಿಸಲು ದಾರಿ ಬದಲಿಸುವುದು ಯಾವುದೂ ಬೇಡ. ಊರು, ಹೊತ್ತು, ಹೇಗಾಯಿತು ಎಂದು ವೈದ್ಯರು ಬರೆದುಕೊಳ್ಳುವುದನ್ನು ಕಂಡು ಸಿಟ್ಟಾಗಬೇಡಿ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವಿನ ಕಡಿತ ಅಧಿಸೂಚಿತ ಪ್ರಕರಣ. ಪ್ರತಿಯೊಂದನ್ನೂ ಅವರು ವರದಿ ಮಾಡಲೇಬೇಕು.

ಎದೆನೋವಿನದೂ ಇದೇ ಕಥೆ. ಹಣವಿದ್ದ ಮನೆಯಲ್ಲಿ ಮೊದಲು ಕೇಳುವ ಮಾತು "ಮಿರಜ್‌ಗೆ ಒಯ್ಯೋಣವೇ, ಬೆಳಗಾವಿಗೋ?" ದಾರಿಯಲ್ಲಿ ಕಳೆಯುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಅದನ್ನು ಕೊಡಿಸಿಕೊಂಡು ಆಮೇಲೆ ಎಲ್ಲಿಗೆ ಬೇಕಾದರೂ ಹೊರಡಿ. ಪಾರ್ಶ್ವವಾಯುವಿನಲ್ಲಿ ಗಡ್ಡೆ ಕರಗಿಸುವ ಔಷಧಕ್ಕೆ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯ ಒಳಗಿನ ಅವಕಾಶವಷ್ಟೇ. ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ಆದ್ದರಿಂದ 108ಕ್ಕೆ ಕರೆ ಮಾಡುವಾಗಲೇ ಲಕ್ಷಣ ಯಾವಾಗ ಶುರುವಾಯಿತು ಎಂದು ಗಡಿಯಾರ ನೋಡಿ ಬರೆದಿಡಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು.

ವೈದ್ಯರ ಮುಂದೆ ಕೂರುವ ಮುನ್ನ

ತುರ್ತಲ್ಲದ ಕಾಯಿಲೆಗಳ ವಿಷಯಕ್ಕೆ ಬರುತ್ತೇನೆ. ವೈದ್ಯರ ತೀರ್ಮಾನ ನೀವು ಕೊಟ್ಟ ಮಾಹಿತಿಗಿಂತ ಮೇಲಕ್ಕೆ ಏರಲಾರದು. ಜಿಲ್ಲಾ ಆಸ್ಪತ್ರೆಯಾಗಲಿ, ಮೆಡಿಕಲ್ ಕಾಲೇಜಿನ ಹೊರರೋಗಿ ವಿಭಾಗವಾಗಲಿ, ಸೋಮವಾರ ಬೆಳಿಗ್ಗೆ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತರೆ ನಿಮ್ಮ ಪಾಲಿಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು "ಮೈಯೆಲ್ಲಾ ನೋವು, ತ್ರಾಣವಿಲ್ಲ, ಊಟ ಸೇರುವುದಿಲ್ಲ" ಎಂಬ ಮಾತಿನಲ್ಲಿ ಕಳೆದರೆ ವೈದ್ಯರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಯಾವ ತೊಂದರೆ ನಿಮ್ಮನ್ನು ಮನೆಯಿಂದ ಹೊರಡಿಸಿತೋ ಅದನ್ನು ಮೊದಲು ಹೇಳಿ. ಎಂದಿನಿಂದ, ಎಲ್ಲಿ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂದು ಹೇಳಿ. ಉಳಿದದ್ದು ಆಮೇಲೆ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. "ಬಿಳಿ ಗುಳಿಗೆ, ಸಣ್ಣದು" ಎಂದರೆ ಯಾರಿಗೂ ತಿಳಿಯದು. ಬೆಳಗಾವಿಯ ವೈದ್ಯರು ಬರೆದ ಬಿಪಿ ಮಾತ್ರೆ, ಊರಿನ ಮೆಡಿಕಲ್ ಅಂಗಡಿಯವರು ಕೊಟ್ಟ ನೋವಿನ ಮಾತ್ರೆ, ಜಾತ್ರೆಯಲ್ಲಿ ಕೊಂಡ ಮಂಡಿನೋವಿನ ಪುಡಿ ಎಲ್ಲವೂ ಚೀಲದಲ್ಲಿರಲಿ. ಅನೇಕ ನೋವಿನ ಮಾತ್ರೆಗಳು ಬಿಪಿಯನ್ನು ಏರಿಸುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ವೈದ್ಯರಿಗೆ ಅದು ಗೊತ್ತಾಗದಿದ್ದರೆ ಬಿಪಿ ಇಳಿಯಲಿಲ್ಲವೆಂದು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಆಗ ತಪ್ಪಿದ್ದು ವೈದ್ಯರ ಲೆಕ್ಕವಲ್ಲ, ಲೆಕ್ಕಕ್ಕೆ ಬರದೆ ಉಳಿದ ಮಾತ್ರೆ.

ಮುಚ್ಚಿಡುವ ವಿಷಯಗಳು ಎಲ್ಲ ಮನೆಯಲ್ಲೂ ಇರುತ್ತವೆ. ಕುಡಿತ, ಗುಟ್ಕಾ, ಬಿಟ್ಟುಹೋದ ಮಾತ್ರೆ, ಮೊದಲು ತೋರಿಸಿದ ಇನ್ನೊಬ್ಬ ವೈದ್ಯರು. ಕುಡಿಯುವವರು ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನು ಹೇಳಲೇಬೇಕು. ಅರಿವಳಿಕೆ ಕೊಡುವವರಿಗೆ ಅದು ಗೊತ್ತಿರಬೇಕು, ಕುಡಿತ ಒಮ್ಮೆಲೇ ನಿಂತರೆ ವಾರ್ಡಿನಲ್ಲಿ ನಡುಕ, ಭ್ರಮೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಸೊಸೆಯಂದಿರ ವಿಷಯ ನನಗೆ ಹೆಚ್ಚು ಸಂಕಟ ಕೊಡುತ್ತದೆ. ಬಿಳಿ ಸೆರಗು, ಮುಟ್ಟಿನ ತೊಂದರೆ, ಗರ್ಭ ನಿಲ್ಲದ ನೋವು ಇವನ್ನೆಲ್ಲ ಅತ್ತೆ ಹೇಳುತ್ತಾರೆ, ಗಂಡ ಹೇಳುತ್ತಾನೆ, ಕಾಯಿಲೆ ಇರುವವಳು ಸೆರಗು ಹೊದ್ದು ಸುಮ್ಮನೆ ಕೂತಿರುತ್ತಾಳೆ. "ನಾನು ಒಬ್ಬಳೇ ಮಾತಾಡಬೇಕು" ಎಂದು ವೈದ್ಯರಿಗೆ ಹೇಳಲು ಕಷ್ಟವಾದರೆ ತಪಾಸಣೆಯ ಪರದೆಯ ಹಿಂದೆ ಹೋದಾಗ ಅಲ್ಲಿರುವ ನರ್ಸ್‌ಗೆ ಹೇಳಿ. ಉಳಿದವರನ್ನು ಹೊರಗೆ ಕಳಿಸುವುದು ನಮ್ಮ ಕೆಲಸ, ಅದಕ್ಕೆ ನಾವು ಯಾವ ನೆಪ ಬೇಕಾದರೂ ಹುಡುಕುತ್ತೇವೆ.

ವೈದ್ಯರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದರೆ ಹೂಂಗುಟ್ಟಬೇಡಿ. ಮೆಡಿಕಲ್ ಕಾಲೇಜುಗಳಲ್ಲಿ ಬೇರೆ ರಾಜ್ಯದಿಂದ ಬಂದ ಪಿಜಿ, ಅಂದರೆ ಸ್ನಾತಕೋತ್ತರ ಓದುತ್ತಿರುವ, ವೈದ್ಯರು ಇರುತ್ತಾರೆ. ಹೂಂ ಎಂದರೆ ತಿಳಿಯಿತೆಂದೇ ಅವರು ಅಂದುಕೊಳ್ಳುತ್ತಾರೆ. "ನೀವು ಹೇಳಿದ್ದನ್ನು ನಾನು ಒಮ್ಮೆ ಹೇಳುತ್ತೇನೆ, ಸರಿಯೇ ನೋಡಿ" ಎಂದು ನಿಮ್ಮ ಮಾತಿನಲ್ಲಿ ಒಪ್ಪಿಸಿ. ಹೊರಗೆ ಬಂದ ಮೇಲೆ ಆಗುವ ಅರ್ಧ ಗೊಂದಲ ಇದರಿಂದ ತಪ್ಪುತ್ತದೆ.

ರೋಗಿ ಬಯಸಿದ್ದೂ ಹಾಲು ಅನ್ನ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಎಲ್ಲರಿಗೂ ಗೊತ್ತು. ನನ್ನ ಅನುಭವದಲ್ಲಿ, ನೀವು ಬಯಸಿದ್ದನ್ನೇ ಪ್ರತಿ ಸಲವೂ ಬರೆದುಕೊಡುವ ವೈದ್ಯರ ಬಗ್ಗೆ ಎಚ್ಚರವಿರಬೇಕು.

ನಮ್ಮ ಕಡೆಯ ಬಯಕೆ ಸಲೈನ್. "ಒಂದು ಬಾಟಲಿ ಏರಿಸಿಬಿಡಿ, ತ್ರಾಣ ಬರುತ್ತದೆ." 500 ಮಿಲಿಲೀಟರಿನ ಸಾಮಾನ್ಯ ಸಲೈನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಗ್ಲೂಕೋಸ್ ಬಾಟಲಿಯಾದರೆ, ಅಂದರೆ ಶೇಕಡಾ 5ರ ಡೆಕ್ಸ್‌ಟ್ರೋಸ್ ಆದರೆ, 25 ಗ್ರಾಂ ಸಕ್ಕರೆ. ಎದ್ದು ಕೂತು ಒಂದು ಜೋಳದ ರೊಟ್ಟಿ ತಿನ್ನಬಲ್ಲವರಿಗೆ ಆ ರೊಟ್ಟಿಯಲ್ಲೇ ಅದಕ್ಕಿಂತ ಹೆಚ್ಚು ಶಕ್ತಿ ಇದೆ. ವಾಂತಿ ನಿಲ್ಲದವರಿಗೆ, ಬಿಪಿ ಇಳಿದವರಿಗೆ, ನೀರು ಕುಡಿಯಲಾಗದಷ್ಟು ಭೇದಿಯಾದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ ಸಲೈನ್ ಪ್ರಾಣ ಉಳಿಸುತ್ತದೆ. ಹೊಲದ ಕೆಲಸದಲ್ಲಿ ದಣಿದವರಿಗೆ ಅದು ಜೇಬಿನ ಹಣ ಕರಗಿಸುತ್ತದೆ, ಕೆಲವೊಮ್ಮೆ ಸೂಜಿ ಹಾಕಿದ ಕಡೆ ಕೀವು ಕೂಡಿಸುತ್ತದೆ. "ನಿಮಗೆ ಇದು ಬೇಡ, ಒಂದು ಲೀಟರ್ ನೀರಿಗೆ ಈ ಓಆರ್‌ಎಸ್ ಪೊಟ್ಟಣ ಕಲಸಿ ಕುಡಿಯಿರಿ" ಎಂದು ಹೇಳಿ ಕಳಿಸುವ ವೈದ್ಯರು ತಮ್ಮ ಗಳಿಕೆ ಬಿಟ್ಟು ನಿಮಗೆ ನಿಜ ಹೇಳುತ್ತಿದ್ದಾರೆ. ಅವರನ್ನು ಕೈಗುಣವಿಲ್ಲದವರೆಂದು ಬಿಟ್ಟು ಹೋಗಬೇಡಿ.

ಜ್ವರದಲ್ಲಿ ಇನ್ನೊಂದು ಇದೆ. ಎರಡು ದಿನ ಜ್ವರ ಬಂದರೆ ನಾವೇ ಲ್ಯಾಬಿಗೆ ಹೋಗಿ ವಿಡಾಲ್ ಪರೀಕ್ಷೆ ಮಾಡಿಸಿ, "ಟೈಫಾಯ್ಡ್ ಬಂದಿದೆ" ಎಂದು ಕಾಗದ ಹಿಡಿದು ವೈದ್ಯರಿಗೆ ಅಪ್ಪಣೆ ಕೊಡುತ್ತೇವೆ. ಜ್ವರದ ಮೊದಲ ವಾರ ವಿಡಾಲ್ ಏನನ್ನೂ ತೋರಿಸದೆ ಇರಬಹುದು, ಹಿಂದೆ ಎಂದೋ ಬಂದ ಸೋಂಕಿಗೆ ಈಗ ಪಾಸಿಟಿವ್ ತೋರಿಸಲೂಬಹುದು. ಒಂದೇ ಸಲದ ವಿಡಾಲ್ ನೋಡಿ ತೀರ್ಮಾನಿಸಲಾಗದು. ಆಂಟಿಬಯಾಟಿಕ್ ಶುರುಮಾಡುವ ಮೊದಲು ತೆಗೆದ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಹೆಚ್ಚು ನಂಬಲರ್ಹ. ವೈದ್ಯರು ಆ ಕಾಗದವನ್ನು ಬದಿಗಿಟ್ಟು ಹೊಟ್ಟೆ ಮುಟ್ಟಿ ನೋಡಿದರೆ ಅದು ಅಸಡ್ಡೆಯಲ್ಲ.

ಡೆಂಗಿಯಲ್ಲಂತೂ ಪ್ಲೇಟ್‌ಲೆಟ್ ಸಂಖ್ಯೆ ಇಡೀ ಮನೆಯ ನಿದ್ದೆ ಕೆಡಿಸುತ್ತದೆ. ರಕ್ತಸ್ರಾವವಿಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. 40 ಸಾವಿರಕ್ಕೆ ಬಂತೆಂದು ರಕ್ತನಿಧಿಗೆ ಓಡುವವರು, ಜ್ವರ ಇಳಿದ ದಿನ ಬರುವ ಹೊಟ್ಟೆನೋವು, ವಾಂತಿ, ತಣ್ಣಗಾದ ಕೈಕಾಲುಗಳನ್ನು ಗಮನಿಸುವುದೇ ಇಲ್ಲ. ಅಪಾಯ ಇರುವುದು ಅಲ್ಲಿ. ವೈದ್ಯರು ಮೂತ್ರ ಎಷ್ಟು ಹೋಯಿತು, ನೀರು ಎಷ್ಟು ಕುಡಿದಿರಿ ಎಂದು ಮತ್ತೆ ಮತ್ತೆ ಕೇಳುವುದು ಅದಕ್ಕಾಗಿಯೇ.

ಗರ್ಭಚೀಲ ತೆಗೆಯಬೇಕು ಎಂದಾಗ

ಈ ಭಾಗವನ್ನು ಹೆಣ್ಣುಮಕ್ಕಳು ಪೂರ್ತಿ ಓದಬೇಕು, ಗಂಡಸರೂ ಓದಬೇಕು. ನಮ್ಮ ಜಿಲ್ಲೆಯ ಕಬ್ಬಿನ ಊರುಗಳಲ್ಲಿ, ಇನ್ನೂ ನಲವತ್ತು ತುಂಬದ ಎಷ್ಟೋ ಹೆಂಗಸರ ಹೊಟ್ಟೆಯ ಮೇಲೆ ಆ ಹೊಲಿಗೆಯ ಗುರುತನ್ನು ನೋಡಿದ್ದೇನೆ. ಕೇಳಿದರೆ ಕಾರಣ "ಬಿಳಿ ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದರು." ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶಗಳನ್ನು ಹೀಗೆ ತೆಗೆದದ್ದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು.

ಬಿಳಿ ಸೆರಗಿಗೆ ಬಹುತೇಕ ಕಾರಣ ಸೋಂಕು, ಅದಕ್ಕೆ ಔಷಧವಿದೆ. ಸೊಂಟನೋವಿಗೆ ನೂರು ಕಾರಣ. ಇವೆರಡರ ಹೆಸರಿನಲ್ಲಿ ಗರ್ಭಚೀಲ ತೆಗೆಯಬೇಕು ಎಂದು ಯಾರಾದರೂ ಹೇಳಿದರೆ ಅಲ್ಲಿ ಒಪ್ಪಿಗೆ ಕೊಡಬೇಡಿ. ಸ್ಕ್ಯಾನ್‌ನಲ್ಲಿ ಕಾಣುವ ಗಡ್ಡೆ, ಅಂದರೆ ಫೈಬ್ರಾಯ್ಡ್, ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಎಷ್ಟೋ ಹೆಂಗಸರಿಗೆ ಅದು ಇರುವುದೇ ಗೊತ್ತಿಲ್ಲದೆ ಜೀವನ ಸಾಗುತ್ತದೆ, ಮುಟ್ಟು ನಿಂತ ಮೇಲೆ ಅದು ಕುಗ್ಗುತ್ತದೆ. ಹೆಚ್ಚು ರಕ್ತ ಹೋಗುವುದಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಇದೆ, ಹಾರ್ಮೋನ್ ಮಾತ್ರೆಗಳಿವೆ, ವಂಕಿಯ (ಕಾಪರ್-ಟಿ) ಹಾಗೆ ಗರ್ಭಕೋಶದೊಳಗೆ ಇಟ್ಟು ಕೆಲವು ವರ್ಷ ಬಿಡುವ ಹಾರ್ಮೋನ್ ಸಾಧನವಿದೆ. ಇವನ್ನು ಪ್ರಯತ್ನಿಸಿದ್ದಾರೆಯೇ, ಇಲ್ಲವಾದರೆ ನಿಮಗೆ ಇವು ಏಕೆ ಹೊಂದುವುದಿಲ್ಲ ಎಂದು ಕೇಳಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ, ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆ ಆಗಿದೆಯೇ, ವಯಸ್ಸು ನಲವತ್ತು ದಾಟಿದ್ದರೆ ಗರ್ಭಕೋಶದ ಒಳಪದರದ ತುಣುಕು ತೆಗೆದು ನೋಡಿದ್ದಾರೆಯೇ ಎಂದು ಕೇಳಿ. ತೆಗೆಯಲೇಬೇಕಾದರೆ ಅಂಡಾಶಯಗಳನ್ನು ಉಳಿಸುತ್ತೀರಾ ಎಂಬುದನ್ನು ತಪ್ಪದೆ ಕೇಳಿ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅವೆರಡನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ, ಮೈ ಬಿಸಿಯೇರಿ ನಿದ್ದೆ ಹಾರುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಸಂಪರ್ಕದ ನಂತರ ರಕ್ತ ಬಂದರೆ, ಅದನ್ನು ಮುಂದೂಡಬೇಡಿ. ಅಲ್ಲಿ ವೈದ್ಯರು ಅವಸರಪಡಿಸಿದರೆ ಅವರ ಅವಸರಕ್ಕೆ ಕಾರಣವಿದೆ. ಗರ್ಭಕೋಶ ಪೂರ್ತಿ ಜಾರಿ ಹೊರಬಂದವರಿಗೆ, ಔಷಧಕ್ಕೆ ಬಗ್ಗದೆ ರಕ್ತ ಹೋಗಿ ಹಿಮೋಗ್ಲೋಬಿನ್ ತಳ ಸೇರಿದವರಿಗೆ ಆ ಶಸ್ತ್ರಚಿಕಿತ್ಸೆ ಹೊಸ ಬದುಕು ಕೊಟ್ಟದ್ದನ್ನೂ ನೋಡಿದ್ದೇನೆ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡು ಸಹಿ ಮಾಡಿ. ಖಾಲಿ ಜಾಗವಿರುವ ಕಾಗದಕ್ಕೆ ಹೆಬ್ಬೆಟ್ಟು ಬೇಡ. ತಪಾಸಣೆಗೆಂದು ಪಡೆದ ಒಪ್ಪಿಗೆಯ ಮೇಲೆ ಗರ್ಭಕೋಶ, ಅಂಡಾಶಯ ತೆಗೆದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟವಾಗಿ ಹೇಳಿದೆ: ಪ್ರಾಣಾಪಾಯದ ತುರ್ತು ಇಲ್ಲದಿದ್ದರೆ, ಯಾವ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಿದೆಯೋ ಅದನ್ನಷ್ಟೇ ಮಾಡಬೇಕು, ಅದರ ಲಾಭ, ಅಪಾಯ, ಬೇರೆ ದಾರಿಗಳನ್ನು ರೋಗಿಗೆ ಮೊದಲೇ ತಿಳಿಸಿರಬೇಕು. ಒಪ್ಪಿಗೆ ಕೊಡಬೇಕಾದವಳು ಆ ಹೆಂಗಸು. ಗಂಡನ ಸಹಿ ಅವಳ ಸಹಿಯ ಜಾಗದಲ್ಲಿ ನಿಲ್ಲುವುದಿಲ್ಲ.

ಇನ್ನೊಬ್ಬರಿಗೆ ತೋರಿಸುವ ಬಗೆ

ಇನ್ನೊಬ್ಬರ ಅಭಿಪ್ರಾಯ ಕೇಳಿದರೆ ಮೊದಲಿನ ವೈದ್ಯರಿಗೆ ಅವಮಾನವಾಗುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಬಹಳ. ಕದ್ದುಮುಚ್ಚಿ ಹೋಗಬೇಡಿ. "ಸರ್, ದೊಡ್ಡ ಆಪರೇಷನ್, ಮನೆಯವರಿಗೆ ಧೈರ್ಯವಾಗಲಿ ಎಂದು ಇನ್ನೊಮ್ಮೆ ತೋರಿಸಿಕೊಂಡು ಬರುತ್ತೇವೆ, ರಿಪೋರ್ಟ್‌ಗಳನ್ನು ಕೊಡಿ" ಎಂದು ನೇರವಾಗಿ ಕೇಳಿ. ತನ್ನ ತೀರ್ಮಾನದ ಮೇಲೆ ಭರವಸೆಯಿರುವ ವೈದ್ಯರು ಕೊಟ್ಟು ಕಳಿಸುತ್ತಾರೆ. ಅನೇಕರು ಒಂದು ಪತ್ರವನ್ನೂ ಬರೆದುಕೊಡುತ್ತಾರೆ. "ಹೋದರೆ ಮತ್ತೆ ನನ್ನ ಹತ್ತಿರ ಬರಬೇಡಿ" ಎಂದವರಲ್ಲಿಗೆ ಮತ್ತೆ ಹೋಗುವ ಅಗತ್ಯವಿಲ್ಲ.

ಹಣವಿಲ್ಲದವರು ಇದನ್ನು ಮಾಡುವುದು ಹೇಗೆ ಎಂದು ಕೇಳುತ್ತಾರೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಬೆಳಗಾವಿಯಲ್ಲಿ ಸರ್ಕಾರದ ಬಿಮ್ಸ್, ನೆಹರೂ ನಗರದ ಕೆಎಲ್‌ಇ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಅಲ್ ಅಮೀನ್. ಅಲ್ಲಿನ ಹೊರರೋಗಿ ವಿಭಾಗದಲ್ಲಿ ಒಂದೊಂದು ಘಟಕಕ್ಕೆ ವಾರದ ಒಂದೊಂದು ದಿನ ನಿಗದಿಯಾಗಿರುತ್ತದೆ. ದೊಡ್ಡ ವೈದ್ಯರು ಕೂರುವ ದಿನ ಯಾವುದೆಂದು ಮೊದಲು ವಿಚಾರಿಸಿ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ತುರ್ತಲ್ಲದ ಅನೇಕ ಶಸ್ತ್ರಚಿಕಿತ್ಸೆಗಳನ್ನು ಖಾಸಗಿಯಲ್ಲಿ ಮಾಡಿಸಲು ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ತರಬೇಕು. ಜನ ಇದನ್ನು ಅಲೆದಾಟವೆಂದು ಬೈಯುತ್ತಾರೆ. ನಾನು ಅದನ್ನು ಖರ್ಚಿಲ್ಲದೆ ಸಿಗುವ ಎರಡನೆಯ ಅಭಿಪ್ರಾಯವೆಂದು ನೋಡುತ್ತೇನೆ. ಪತ್ರ ಬರೆಯುವ ವೈದ್ಯರ ಮುಂದೆ ಸುಮ್ಮನೆ ನಿಲ್ಲಬೇಡಿ, "ನಿಮ್ಮ ಪ್ರಕಾರ ಇದು ಬೇಕೇ?" ಎಂದು ಕೇಳಿ.

ಇಬ್ಬರು ಬೇರೆ ಬೇರೆ ಹೇಳಿದರೆ ಒಬ್ಬರು ಮೋಸಗಾರರೆಂದು ಅರ್ಥವಲ್ಲ. ಮಂಡಿ ಸವೆತ, ಪಿತ್ತಕೋಶದ ಕಲ್ಲು, ಬೆನ್ನಿನ ಡಿಸ್ಕ್ ಇಂತಹವುಗಳಲ್ಲಿ ಒಳ್ಳೆಯ ವೈದ್ಯರೇ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಆಗ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: "ಆರು ತಿಂಗಳು ಏನೂ ಮಾಡದೆ ಇದ್ದರೆ ಏನಾಗಬಹುದು?" ಉತ್ತರ ಬರೆದಿಟ್ಟುಕೊಂಡು ಮನೆಯಲ್ಲಿ ಕೂತು ಹೋಲಿಸಿ. ಆದರೆ ಮೂರನೆಯವರು, ನಾಲ್ಕನೆಯವರು ಎಂದು ನಿಮಗೆ ಬೇಕಾದ ಮಾತು ಸಿಗುವವರೆಗೆ ಅಲೆಯಬೇಡಿ. ಸ್ತನದ ಗಂಟನ್ನು ತುಣುಕು ಪರೀಕ್ಷೆ (ಬಯಾಪ್ಸಿ) ಮಾಡಿಸದೆ ಹೀಗೆ ಅಲೆದವರು ಕೊನೆಗೆ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವ ಹೊತ್ತಿಗೆ ತಡವಾಗಿರುತ್ತದೆ.

ಹೊಸ ವೈದ್ಯರಲ್ಲಿಗೆ ಹೋದಾಗ ನಾನು ಗಮನಿಸುವ ಕೆಲವು ಸಂಗತಿಗಳಿವೆ. ಔಷಧ ಚೀಟಿಯ ಮೇಲೆ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು, ಅದು ನಿಯಮ. ಗೋಡೆಯ ಮೇಲೆ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಇರಬೇಕು. ಚೀಟಿಯನ್ನೇ ಕೊಡದೆ, ಹೆಸರಿಲ್ಲದ ಪುಡಿಕೆಯಲ್ಲಿ ಮಾತ್ರೆ ಕಟ್ಟಿಕೊಡುವವರಿಂದ ದೂರವಿರಿ. ಆ ಪುಡಿಕೆಗಳಲ್ಲಿ ಸ್ಟೀರಾಯ್ಡ್ ಇದ್ದು, ಮುಖ ಊದಿ ಸಕ್ಕರೆ ಕಾಯಿಲೆ ಹಿಡಿಸಿಕೊಂಡು ವಾರ್ಡಿಗೆ ಬಂದವರನ್ನು ನಾನು ಆರೈಕೆ ಮಾಡಿದ್ದೇನೆ. ಮೈ ಮುಟ್ಟಿ ಪರೀಕ್ಷಿಸುತ್ತಾರೆಯೇ, ಏನಾದರೆ ತಕ್ಷಣ ಬರಬೇಕು ಎಂದು ಹೇಳುತ್ತಾರೆಯೇ ನೋಡಿ. "ಇದು ನನ್ನ ಕೈಯಲ್ಲಿ ಆಗುವುದಿಲ್ಲ, ಅಲ್ಲಿಗೆ ಹೋಗಿ" ಎನ್ನುವ ವೈದ್ಯರ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಗೌರವ.

ಒಪ್ಪಿದ ಮೇಲೆ

ಕೇಳುವುದನ್ನೆಲ್ಲ ಕೇಳಿ ಒಪ್ಪಿದ ಮೇಲೆ ಹೇಳಿದಂತೆ ನಡೆಯಬೇಕು. ಬಿಪಿ ನಾರ್ಮಲ್ ಬಂತೆಂದು ಮಾತ್ರೆ ಬಿಡುವವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಕ್ಷಯದ ಔಷಧವನ್ನು ಕೆಮ್ಮು ನಿಂತ ಕೂಡಲೇ ಬಿಟ್ಟರೆ ಮತ್ತೆ ಬರುವ ಕ್ಷಯ ಆ ಔಷಧಕ್ಕೆ ಬಗ್ಗದಿರಬಹುದು. ಮಾತ್ರೆ ಹೊಂದದೆ ಕಾಲು ಊದಿದರೆ, ಕೆಮ್ಮು ಬಂದರೆ, ಹಣ ಸಾಲದಿದ್ದರೆ ಬಿಡುವ ಬದಲು ಹೋಗಿ ಹೇಳಿ. ಬದಲಿ ಮಾತ್ರೆ ಇದೆ, ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ.

ದಾಖಲಾಗಿದ್ದರೆ ಮನೆಯಿಂದ ಒಬ್ಬರೇ ಮಾತಾಡಿ. ಬೆಳಗಿನ ರೌಂಡ್ಸ್ ಹೊತ್ತಿಗೆ ಹಾಸಿಗೆಯ ಹತ್ತಿರ ಇರಿ, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿರಿ. ರೌಂಡ್ಸ್ ಮುಗಿದು ಸ್ವಲ್ಪ ಹೊತ್ತಿಗೆ ನರ್ಸ್‌ಗಳ ಮೇಜಿನ ಹತ್ತಿರ ಬಂದು ಕೇಳಿದರೆ ವೈದ್ಯರು ಅವಸರದಲ್ಲಿ ಹೇಳಿದ್ದನ್ನು ನಾವು ನಿಧಾನವಾಗಿ ಬಿಡಿಸಿ ಹೇಳುತ್ತೇವೆ. ಔಷಧಿ ಹಂಚುವ ಹೊತ್ತಿನಲ್ಲಿ ಮಾತ್ರ ಕೇಳಬೇಡಿ, ಆಗ ಗಮನ ತಪ್ಪಿದರೆ ಅಪಾಯ.

ಅನ್ಯಾಯವಾಯಿತು ಎನಿಸಿದರೆ

ಎಲ್ಲ ಸಾವೂ ನಿರ್ಲಕ್ಷ್ಯದಿಂದ ಆಗುವುದಿಲ್ಲ, ಎಲ್ಲ ನಿರ್ಲಕ್ಷ್ಯವೂ ಬೆಳಕಿಗೆ ಬರುವುದಿಲ್ಲ. ಎರಡನ್ನೂ ನಾನು ಒಪ್ಪುತ್ತೇನೆ. ಆದರೆ ಕೈ ಮಾಡಬೇಡಿ, ಗಾಜು ಒಡೆಯಬೇಡಿ. 2009ರ ರಾಜ್ಯ ಕಾಯ್ದೆಯ ಪ್ರಕಾರ ಅದು ಶಿಕ್ಷಾರ್ಹ. ಅಲ್ಲದೆ ಗಲಾಟೆಯಾದ ಮರುದಿನದಿಂದ ಆ ಊರಿನ ಆಸ್ಪತ್ರೆ ಕಷ್ಟದ ರೋಗಿಗಳನ್ನು ಮುಟ್ಟದೆ ಮುಂದಕ್ಕೆ ಕಳಿಸಲು ಶುರುಮಾಡುತ್ತದೆ, ಆ ನಷ್ಟ ನಿಮ್ಮ ನೆರೆಯವರದು.

ಮೊದಲು ದಾಖಲೆ ಕೇಳಿ, ಬರೆದು ಕೇಳಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. 2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಒಳರೋಗಿಯ ದಾಖಲೆಗಳನ್ನು ಕೊಡಬೇಕು, ಅವನ್ನು ಮೂರು ವರ್ಷ ಕಾಪಾಡಬೇಕು. ಖಾಸಗಿ ಆಸ್ಪತ್ರೆಯ ದರ, ವರ್ತನೆ, ತುರ್ತಿನಲ್ಲಿ ಮುಂಗಡ ಹಣ ಕೇಳಿದ್ದು ಇಂತಹ ದೂರುಗಳಿಗೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ವೈದ್ಯರ ವೃತ್ತಿಧರ್ಮದ ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಮಂಡಳಿಗೆ ಹೋಗಬೇಕು. ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಹಣ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ದೂರಿನಲ್ಲಿ ಸಿಟ್ಟಿನ ಮಾತು ಬೇಡ. ಯಾವ ದಿನ, ಎಷ್ಟು ಗಂಟೆಗೆ, ಯಾರು ನೋಡಿದರು, ಏನು ಹೇಳಿದರು, ಏನು ಕೊಟ್ಟರು ಎಂದು ಸಾಲಾಗಿ ಬರೆಯಿರಿ. ಡಿಸ್ಚಾರ್ಜ್ ಕಾರ್ಡ್, ಬಿಲ್, ಲ್ಯಾಬ್ ಕಾಗದಗಳ ಜೆರಾಕ್ಸ್ ಪ್ರತಿಗಳನ್ನು ಲಗತ್ತಿಸಿ. ಮೂಲ ಕಾಗದಗಳನ್ನು ವಕೀಲರೂ ಸೇರಿ ಯಾರ ಕೈಗೂ ಬಿಟ್ಟುಬರಬೇಡಿ.